ಪೆಂಗ್ವಿನ್ ಮಾರಿದ ತಂಪು

ಮೊದಲು ಈ ಸೀಸೆ. ಮುಂದಿನ ಸಾಲಿನಿಂದ ಕಳಿಸುತ್ತಿದ್ದೇನೆ, ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ ಹೋಗಿ. ಮುಚ್ಚಳ ತೆಗೆದು ಸ್ವಲ್ಪ ದೂರದಿಂದಲೇ ಮೂಸಿ. ಬೆರಳಿಗೆ ತಗುಲಿದರೆ ಆ ಬೆರಳಿನಲ್ಲಿ ಕಣ್ಣು ಉಜ್ಜಬೇಡಿ, ಆಮೇಲೆ ನನ್ನನ್ನು ಬೈಯಬೇಡಿ. ಒಳಗಿರುವುದು ಮೆಂಥಾಲ್ ಹರಳು. ಸೂಜಿಯ ಹಾಗೆ ಉದ್ದುದ್ದ, ನೋಡಲು ಗಾಜಿನ ಚೂರಿನಂತೆ. ನಿನ್ನೆ ಗ್ರಂಧಿಗೆ ಅಂಗಡಿಯಿಂದ ತಂದೆ. ಅಂಗಡಿಯವರು ಪೊಟ್ಟಣ ಕಟ್ಟುತ್ತಾ, "ಅಮೃತಧಾರೆ ಮಾಡೋಕಾ ಸಾರ್?" ಎಂದು ಕೇಳಿದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೆಂಥಾಲ್, ಪಚ್ಚಕರ್ಪೂರ, ಓಮದ ಹೂವು (ಓಮದಿಂದ ತೆಗೆದ ಹರಳು), ಈ ಮೂರನ್ನೂ ಒಂದು ಬಾಟಲಿಗೆ ಹಾಕಿ ಅಲ್ಲಾಡಿಸಿದರೆ ಮೂರೂ ಗಟ್ಟಿ ಪದಾರ್ಥಗಳು ತಾವಾಗಿಯೇ ಕರಗಿ ದ್ರವವಾಗುತ್ತವೆ. ನೀರು ಹಾಕಬೇಕಿಲ್ಲ, ಒಲೆಯ ಮೇಲೆ ಇಡಬೇಕಿಲ್ಲ. ಮಕ್ಕಳಿಗೆ ತೋರಿಸಿದರೆ ಬಾಯಿ ಬಿಟ್ಟು ನೋಡುತ್ತಾರೆ. ನಾನು ಅಂಗಡಿಯವರಿಗೆ, "ಇಲ್ಲಪ್ಪ, ಸಿಗರೇಟಿನ ಬಗ್ಗೆ ಮಾತಾಡೋಕೆ" ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಚಿಲ್ಲರೆ ಕೊಟ್ಟು ಕಳಿಸಿದರು.

ಈಗ ಬಾಗಿಲಲ್ಲಿ ನಿಮ್ಮ ಕೈಗೆ ಕೊಟ್ಟ ಪೆಪ್ಪರ್‌ಮೆಂಟ್ ತೆಗೆದು ಬಾಯಿಗೆ ಹಾಕಿಕೊಳ್ಳಿ. ಎರಡು ನಿಮಿಷ ಚೀಪಿ, ನಿಮ್ಮ ಬಾಟಲಿಯ ನೀರನ್ನೇ ಒಂದು ಗುಟುಕು ಕುಡಿಯಿರಿ. ಫ್ರಿಜ್ಜಿನಿಂದ ತೆಗೆದ ಹಾಗಿದೆ, ಅಲ್ವಾ? ನೀರು ಅದೇ ನೀರು. ಬೆಳಿಗ್ಗೆಯಿಂದ ನಿಮ್ಮ ಬ್ಯಾಗಿನಲ್ಲಿ ಬೆಚ್ಚಗಾದದ್ದು. ಬಾಯಲ್ಲೂ ಏನೂ ತಣ್ಣಗಾಗಿಲ್ಲ. ಥರ್ಮಾಮೀಟರ್ ಇಟ್ಟು ನೋಡಿದರೂ ಅಷ್ಟೇ ಇರುತ್ತದೆ.

ನಮ್ಮ ಚರ್ಮದಲ್ಲಿ, ನಾಲಿಗೆಯಲ್ಲಿ, ಗಂಟಲಲ್ಲಿ ಚಳಿಯನ್ನು ಪತ್ತೆ ಹಚ್ಚುವ ನರಗಳಿವೆ. ಆ ನರಗಳ ತುದಿಯಲ್ಲಿ ಒಂದು ಬಾಗಿಲು. ಅದಕ್ಕೆ ಟಿಆರ್‌ಪಿಎಂ8 ಎಂದು ಹೆಸರು. ಉಷ್ಣಾಂಶ ಸುಮಾರು 26 ಡಿಗ್ರಿಗಿಂತ ಕೆಳಗಿಳಿದರೆ ಬಾಗಿಲು ತೆರೆಯುತ್ತದೆ, ಮಿದುಳಿಗೆ "ತಣ್ಣಗಿದೆ" ಎಂಬ ಸುದ್ದಿ ಹೋಗುತ್ತದೆ. ಮೆಂಥಾಲ್ ಏನು ಮಾಡುತ್ತದೆ ಎಂದರೆ, ಚಳಿ ಇಲ್ಲದಿದ್ದರೂ ಅದೇ ಬಾಗಿಲನ್ನು ತಳ್ಳಿ ತೆರೆಯುತ್ತದೆ. ಇದು ಗೊತ್ತಾದದ್ದು 2002ರಲ್ಲಿ. ಕಂಡುಹಿಡಿದವರು ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್, ಬೇರೆ ಬೇರೆಯಾಗಿ ಕೆಲಸ ಮಾಡುತ್ತಿದ್ದವರು. 2021ರ ವೈದ್ಯಕೀಯ ನೊಬೆಲ್ ಇಬ್ಬರಿಗೂ ಬಂತು. ಸಿಗರೇಟು ಕಂಪನಿಗಳು ಮಾತ್ರ ಈ ಬಾಗಿಲಿನ ಹೆಸರು ಗೊತ್ತಾಗುವ ಎಪ್ಪತ್ತೈದು ವರ್ಷ ಮೊದಲೇ ಅದನ್ನು ತಳ್ಳಲು ಶುರು ಮಾಡಿದ್ದವು.

ನಮ್ಮಲ್ಲಿ ಉಷ್ಣ, ತಂಪು ಎಂಬ ಲೆಕ್ಕ ಮನೆಮನೆಯಲ್ಲಿದೆ. ಕಣ್ಣು ಉರಿದರೆ "ಉಷ್ಣ ಆಗಿದೆ, ಮಜ್ಜಿಗೆ ಕುಡಿ" ಎನ್ನುತ್ತಾರೆ. ಬೆಂಕಿ ಹಚ್ಚಿ ಹೊಗೆ ಎಳೆಯುವ ವಸ್ತುವನ್ನು ಯಾರಾದರೂ ತಂಪು ಎಂದು ಮಾರಲು ಬಂದರೆ ನಮ್ಮಜ್ಜಿಯಂಥವರು ನಕ್ಕುಬಿಡುತ್ತಿದ್ದರು. ಆದರೆ ಅಮೆರಿಕದಲ್ಲಿ ಅದನ್ನು ಮಾರಿದರು, ಕೋಟಿಗಟ್ಟಲೆ ಮಾರಿದರು. ಇವತ್ತು ಹೇಳಲು ಹೊರಟಿರುವುದು ಹಾಗೆ ಮಾರಿದ ಒಂದು ಬ್ರ್ಯಾಂಡಿನ ಕಥೆ. ಹೆಸರು ಕೂಲ್. ಇಂಗ್ಲಿಷಿನಲ್ಲಿ ಸಿ ಹಾಕಿ ಬರೆಯಬೇಕಾದ ಪದ. ಇವರು ಕೆ ಹಾಕಿದರು.

ಆದರೆ ಕೂಲ್ ಮೊದಲನೆಯದಲ್ಲ. ಮೊದಲನೆಯದರ ಹೆಸರು ಕೇಳಿದರೆ ನಗು ಬರುತ್ತದೆ: ಸ್ಪಡ್. ಅಲ್ಲಿನ ಆಡುಮಾತಿನಲ್ಲಿ ಆಲೂಗಡ್ಡೆ. ಒಹಾಯೊ ರಾಜ್ಯದ ಮಿಂಗೊ ಜಂಕ್ಷನ್ ಎಂಬ ಊರು, ಕಬ್ಬಿಣದ ಕಾರ್ಖಾನೆ, ರೈಲು ಹಳಿಗಳ ಊರು. ಅಲ್ಲಿ ಲಾಯ್ಡ್ ಹ್ಯೂಸ್ ಎಂಬ ಯುವಕನಿದ್ದ. ಗೆಳೆಯರು ಕರೆಯುತ್ತಿದ್ದ ಅಡ್ಡಹೆಸರೇ ಸ್ಪಡ್. ಅವನಿಗೆ ಉಬ್ಬಸವಿತ್ತು, ಅದಕ್ಕೆ ತಾಯಿ ಮೆಂಥಾಲ್ ಹರಳಿನ ಆವಿ ತೆಗೆದುಕೊಳ್ಳಲು ಹೇಳುತ್ತಿದ್ದಳಂತೆ. ಉಬ್ಬಸದ ಹುಡುಗ ಸಿಗರೇಟನ್ನೂ ಸೇದುತ್ತಿದ್ದ, ಅದು ಬೇರೆ ಮಾತು. ಹರಳು ಇಟ್ಟಿದ್ದ ತಗಡಿನ ಡಬ್ಬಿಯಲ್ಲೇ ಸಿಗರೇಟನ್ನೂ ಬಚ್ಚಿಟ್ಟ. ಮಾರನೆಯ ದಿನ ಹಚ್ಚಿದರೆ ಗಂಟಲು ತಂಪು. ಇದು ಅಲ್ಲಿ ಎಲ್ಲರೂ ಹೇಳುವ ಕಥೆ. ಡಬ್ಬಿ ನಿಜವೋ ಸುಳ್ಳೋ, ಪೇಟೆಂಟ್ ಮಾತ್ರ ನಿಜ. 1925ರಲ್ಲಿ ಅವನ ಹೆಸರಿಗೆ ಸಿಕ್ಕಿತು.

ಡಬ್ಬಿಯ ಕಥೆಯನ್ನು ನಾನು ನಂಬಲು ಸಿದ್ಧ. ಇಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆಯವರು ಯಾರಾದರೂ ಇದ್ದರೆ ಏಕೆಂದು ಗೊತ್ತಿರುತ್ತದೆ. ಬ್ಯಾರನ್‌ನಲ್ಲಿ, ಅಂದರೆ ಸೊಪ್ಪು ಹದಮಾಡುವ ಬಿಸಿ ಕೋಣೆಯಲ್ಲಿ, ಬೇಯಿಸಿದ ಹೊಗೆಸೊಪ್ಪಿನ ಪಕ್ಕ ಏನೇ ಇಟ್ಟರೂ ಅದರ ವಾಸನೆ ಸೊಪ್ಪಿಗೆ ಹತ್ತುತ್ತದೆ. ಸೊಪ್ಪು ವಾಸನೆ ಕುಡಿಯುತ್ತದೆ. ಮೆಂಥಾಲಂತೂ ಗಟ್ಟಿಯಾಗಿದ್ದರೂ ಸುಮ್ನೆ ಕೂರುವುದಿಲ್ಲ, ಆವಿಯಾಗುತ್ತಲೇ ಇರುತ್ತದೆ. ಆಮೇಲಾಮೇಲೆ ಕಾರ್ಖಾನೆಗಳು ಸೊಪ್ಪಿಗೆ ಹಾಕುವ ಬದಲು ಪ್ಯಾಕಿನೊಳಗಿನ ಬೆಳ್ಳಿ ಕಾಗದಕ್ಕೇ ಮೆಂಥಾಲ್ ಸವರಿ ಕಳಿಸಿದ್ದೂ ಇದೆ. ಅಂಗಡಿಗೆ ಹೋಗಿ ಸೇರುವ ಹೊತ್ತಿಗೆ ಅದು ತಾನಾಗಿ ಸಿಗರೇಟಿಗೆ ಇಳಿದಿರುತ್ತದೆ. ಹ್ಯೂಸನ ಡಬ್ಬಿಯೂ ಅದೇ ಕೆಲಸ ಮಾಡಿದ್ದು.

ಹ್ಯೂಸ್ ತನ್ನ ಸಿಗರೇಟನ್ನು ಕಾರ್ಖಾನೆ ಕಾರ್ಮಿಕರಿಗೆ, ರೈಲ್ವೆಯವರಿಗೆ ಮಾರಿಕೊಂಡಿದ್ದ. 1926ರಲ್ಲಿ ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಆ್ಯಕ್ಸ್‌ಟನ್-ಫಿಶರ್ ಕಂಪನಿ 90,000 ಡಾಲರ್ ಕೊಟ್ಟು ಎಲ್ಲವನ್ನೂ ಕೊಂಡುಕೊಂಡಿತು. 1930ರ ದಶಕದ ಆರಂಭಕ್ಕೆ ಸ್ಪಡ್ ದೇಶದ ದೊಡ್ಡ ಬ್ರ್ಯಾಂಡುಗಳ ಸಾಲಿಗೆ ಬಂತು. ಅದೂ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ಒಂದು ಪ್ಯಾಕಿಗೆ 20 ಸೆಂಟ್ ಕೊಟ್ಟು ಜನ ಕೊಳ್ಳುತ್ತಿದ್ದರು.

ಅದೇ ಲೂಯಿವಿಲ್‌ನಲ್ಲಿ ಇನ್ನೊಂದು ಕಂಪನಿ ಇತ್ತು. ಬ್ರೌನ್ ಆ್ಯಂಡ್ ವಿಲಿಯಮ್‌ಸನ್. 1927ರಲ್ಲಿ ಅದನ್ನು ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಕೊಂಡಿತ್ತು, ಹಾಗಾಗಿ ಹಿಂದೆ ದುಡ್ಡಿತ್ತು. ಪಕ್ಕದ ಮನೆಯವನ ವ್ಯಾಪಾರ ಕಣ್ಣೆದುರೇ ಬೆಳೆಯುತ್ತಿದ್ದರೆ ಸುಮ್ಮನಿರುವುದು ಹೇಗೆ? 1933ರಲ್ಲಿ ಅವರು ಕೂಲ್ ತಂದರು, 15 ಸೆಂಟ್‌ಗೆ. ಐದು ಸೆಂಟ್ ವ್ಯತ್ಯಾಸ ಆ ಕಾಲದಲ್ಲಿ ಸಣ್ಣದಲ್ಲ. ಜೊತೆಗೆ ಪ್ಯಾಕಿನಲ್ಲಿ ಕೂಪನ್. ಕೂಪನ್ ಕೂಡಿಟ್ಟರೆ ಇಸ್ಪೀಟು ಪ್ಯಾಕು ಸಿಗುತ್ತಿತ್ತು, ಬೇರೆ ಸಾಮಾನೂ ಸಿಗುತ್ತಿತ್ತು. ಸೋಪಿನ ಜೊತೆ ಸ್ಟೀಲ್ ಚಮಚ ಬಂದರೆ ನಮ್ಮಲ್ಲಿ ಬ್ರ್ಯಾಂಡ್ ಬದಲಿಸುವವರಿಲ್ಲವೇ? ಅದೇ ಬುದ್ಧಿ. ಸ್ಪಡ್ ನಿಧಾನವಾಗಿ ಸೊರಗಿತು. ಇವತ್ತು ಆ ಹೆಸರು ಯಾರಿಗೂ ನೆನಪಿಲ್ಲ.

ಕೂಲ್‌ಗೆ ಮುಖ ಬೇಕಿತ್ತು. ಪೆಂಗ್ವಿನ್ ಬಂತು. ಹೆಸರು ವಿಲ್ಲಿ. ಕಪ್ಪು ಕೋಟು ಬಿಳಿ ಅಂಗಿ ಹಾಕಿದ ಹಾಗಿರುವ ಹಕ್ಕಿ, ಹಿಮದಲ್ಲಿ ಬದುಕುವ ಹಕ್ಕಿ, ಮಕ್ಕಳಿಗೂ ಇಷ್ಟ. ಜಾಹೀರಾತಿನಲ್ಲಿ ವಿಲ್ಲಿ ಒಮ್ಮೆ ಡಾಕ್ಟರ್ ವೇಷದಲ್ಲೂ ನಿಲ್ಲುತ್ತಿತ್ತು. ಗಂಟಲಿಗೆ ರಜೆ ಕೊಡಿ, ಬಿಸಿ ಸಿಗರೇಟು ಬಿಟ್ಟು ಇದಕ್ಕೆ ಬನ್ನಿ, ನೆಗಡಿ ಇದ್ದಾಗಲೂ ಇದನ್ನು ಸೇದಬಹುದು, ಇದು ಅವರ ರಾಗ. ಗಮನಿಸಿ, ರುಚಿ ಚೆನ್ನಾಗಿದೆ ಎಂದು ಅವರು ಹೇಳುತ್ತಿರಲಿಲ್ಲ. ಔಷಧಿ ಅಂಗಡಿಯ ಮಾತು ಆಡುತ್ತಿದ್ದರು. ಏಕೆಂದರೆ ಮೆಂಥಾಲ್ ವಾಸನೆ ಬಂದರೆ ಯಾರಿಗಾದರೂ ನೆನಪಾಗುವುದು ಅಮ್ಮ ಎದೆಗೆ ಹಚ್ಚುತ್ತಿದ್ದ ಮುಲಾಮು. ಆ ನೆನಪನ್ನೇ ಅವರು ಹೊಗೆಗೆ ಕಟ್ಟಿದರು. 1940ರ ದಶಕದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ನೆಗಡಿಯ ಮಾತು ನಿಲ್ಲಿಸಿ ಎಂದು ಹೇಳಬೇಕಾಯಿತು.

ಮಾತು ನಿಂತಿತು, ನಂಬಿಕೆ ನಿಲ್ಲಲಿಲ್ಲ. ಇಲ್ಲಿ ನನ್ನದೇ ಒಂದು ಪ್ರಸಂಗ. ಹಾಸ್ಟೆಲಿನಲ್ಲಿದ್ದಾಗ ನನಗೆ ಜೋರು ನೆಗಡಿ. ಮೂಗು ಕಟ್ಟಿ ರಾತ್ರಿ ನಿದ್ದೆ ಇಲ್ಲ. ಪಕ್ಕದ ರೂಮಿನ ಗೆಳೆಯ ಬಂದು, "ಲೋ, ಮಿಂಟ್ ಒಂದು ಹೊಡಿ, ಮೂಗು ಬಿಟ್ಟುಹೋಗುತ್ತೆ" ಎಂದ. ಹೊಡೆದೆ. ಮೂಗು ನಿಜವಾಗಲೂ ಬಿಟ್ಟ ಹಾಗಾಯಿತು. ಮೆಂಥಾಲ್ ಮೂಸಿದಾಗ ಉಸಿರಿನ ದಾರಿ ಅಗಲ ಆಗುವುದಿಲ್ಲ, ಆದ ಹಾಗೆ ಅನಿಸುತ್ತದೆ ಅಷ್ಟೇ, ಇದು ಆಗ ನನಗೆ ಗೊತ್ತಿರಲಿಲ್ಲ. ನೆಗಡಿ ನಾಲ್ಕು ದಿನಕ್ಕೆ ಹೋಯಿತು, ಸಿಗರೇಟು ಹೋಗಲು ಹನ್ನೊಂದು ವರ್ಷ ಹಿಡಿಯಿತು. ನನ್ನ ಗೆಳೆಯ ವಿಲ್ಲಿ ಪೆಂಗ್ವಿನ್ನನ್ನು ನೋಡಿದವನಲ್ಲ. ಆದರೂ ಅದರ ಮಾತನ್ನೇ ಆಡಿದ.

ಕಥೆಗೆ ಹಿಂತಿರುಗೋಣ. ಇಪ್ಪತ್ತು ವರ್ಷ ಮೆಂಥಾಲ್ ಸಿಗರೇಟು ಒಂದು ಮೂಲೆಯ ಸರಕಾಗಿಯೇ ಇತ್ತು. ನೆಗಡಿಯಾದಾಗ ಒಂದು ಪ್ಯಾಕು, ಮತ್ತೆ ಹಳೆಯ ಬ್ರ್ಯಾಂಡು. ಇದನ್ನು ಬದಲಿಸಿದ್ದು ಹೆದರಿಕೆ. 1950ರ ದಶಕದ ಆರಂಭದಲ್ಲಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆ ಎಂಬ ಅಧ್ಯಯನಗಳು ಒಂದರ ಹಿಂದೆ ಒಂದು ಬಂದವು. 1953ರಲ್ಲಿ ಸಿಗರೇಟಿನ ಟಾರನ್ನು ಇಲಿಗಳ ಬೆನ್ನಿಗೆ ಸವರಿ ಗೆಡ್ಡೆ ಬರಿಸಿ ತೋರಿಸಿದರು. ಜನ ಬೆದರಿದರು. ಬೆದರಿದವರು ಬಿಟ್ಟುಬಿಡುತ್ತಾರಲ್ಲ, ಅವರನ್ನು ಹಿಡಿದಿಡಲು ಫಿಲ್ಟರ್ ಬಂತು. ಫಿಲ್ಟರ್ ಜೊತೆ ಮೆಂಥಾಲ್ ಸೇರಿಸಿ 1956ರಲ್ಲಿ ಆರ್.ಜೆ. ರೆನಾಲ್ಡ್ಸ್ ಸೇಲಂ ತಂದಿತು. ನಮ್ಮ ತಮಿಳುನಾಡಿನ ಸೇಲಂ ಅಲ್ಲ, ಅವರ ಊರು ವಿನ್‌ಸ್ಟನ್-ಸೇಲಂ. ಮರುವರ್ಷ ಲೊರಿಲಾರ್ಡ್ ಕಂಪನಿಯ ನ್ಯೂಪೋರ್ಟ್. ಜಾಹೀರಾತಿನಲ್ಲಿ ಪೆಂಗ್ವಿನ್ ಹೋಗಿ ಹಸಿರು ಹುಲ್ಲು, ತೊರೆ, ವಸಂತಕಾಲ ಬಂದವು. ಪ್ಯಾಕು ಹಸಿರಾಯಿತು. ನಮ್ಮ ಗೂಡಂಗಡಿಯಲ್ಲೂ ನೋಡಿ, ಮಿಂಟ್ ಎಂದರೆ ಹಸಿರು ಅಥವಾ ನೀಲಿ ಪ್ಯಾಕು. ಆ ಬಣ್ಣದ ಪಾಠ ಅಲ್ಲಿಂದ ಬಂದದ್ದು.

ಇನ್ನು ನನ್ನ ಮಟ್ಟಿಗೆ ಈ ಕಥೆಯ ಮುಖ್ಯ ಭಾಗ. 1953ರಲ್ಲಿ ಒಂದು ಮಾರುಕಟ್ಟೆ ಸಮೀಕ್ಷೆ ನಡೆಯಿತು. ಸೇದುವ ಬಿಳಿಯರಲ್ಲಿ ಕೂಲ್ ಇಷ್ಟ ಎಂದವರು 100ಕ್ಕೆ 2. ಕಪ್ಪು ಜನರಲ್ಲಿ 100ಕ್ಕೆ 5. ಎರಡಕ್ಕೂ ಐದಕ್ಕೂ ಏನು ಮಹಾ ವ್ಯತ್ಯಾಸ ಎನ್ನುತ್ತೀರಿ ಅಲ್ವಾ? ವ್ಯಾಪಾರಿಯ ಕಣ್ಣಿಗೆ ಅದು ಎರಡೂವರೆ ಪಟ್ಟು. ಗೋಡೆಯಲ್ಲಿ ಒಂದು ಬಿರುಕು ಕಂಡಿತು, ಅಲ್ಲೇ ಹಾರೆ ಹಾಕಿದರು.

1960ರ ದಶಕದಲ್ಲಿ ಕಪ್ಪು ಓದುಗರ ಎಬೊನಿ ಪತ್ರಿಕೆಯಲ್ಲಿ ಮೆಂಥಾಲ್ ಜಾಹೀರಾತು ತುಂಬಿತು. ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದ ಮೊದಲ ಕಪ್ಪು ಆಟಗಾರ ಎಲ್ಸ್‌ಟನ್ ಹೊವರ್ಡ್ ಕೂಲ್ ಜಾಹೀರಾತಿನಲ್ಲಿ ಬಂದ. ಬೇರೆ ಎಷ್ಟೋ ದೊಡ್ಡ ಕಂಪನಿಗಳು ಕಪ್ಪು ಮುಖವನ್ನು ತನ್ನ ಜಾಹೀರಾತಿಗೆ ಹಾಕಲು ಹಿಂದೆಮುಂದೆ ನೋಡುತ್ತಿದ್ದ ಕಾಲ. ಸಿಗರೇಟು ಕಂಪನಿ ಹಾಕಿತು, ಅವರ ಪತ್ರಿಕೆಗಳಿಗೆ ದುಡ್ಡು ಕೊಟ್ಟಿತು, ಸಂಘಗಳಿಗೆ ದೇಣಿಗೆ ಕೊಟ್ಟಿತು. ಇದನ್ನು ಬರೀ ಮೋಸ ಎಂದು ತಳ್ಳಿಹಾಕಿದರೆ ಅದು ಏಕೆ ಕೆಲಸ ಮಾಡಿತು ಎಂಬುದು ನಮಗೆ ತಿಳಿಯುವುದಿಲ್ಲ. ಯಾರೂ ಕರೆಯದ ಮನೆಗೆ ಒಬ್ಬ ಬಂದು ಮರ್ಯಾದೆ ಕೊಟ್ಟ. ಕೈಯಲ್ಲಿ ಸಿಗರೇಟಿತ್ತು.

1971ರ ಜನವರಿಯಿಂದ ಟಿವಿ, ರೇಡಿಯೊದಲ್ಲಿ ಸಿಗರೇಟು ಜಾಹೀರಾತು ನಿಂತಿತು. ಆ ದುಡ್ಡೆಲ್ಲ ಬೀದಿಗಿಳಿಯಿತು. ಕಪ್ಪು ಜನರ ಬಡಾವಣೆಗಳಲ್ಲಿ ದೊಡ್ಡ ದೊಡ್ಡ ಹೋರ್ಡಿಂಗ್. ವ್ಯಾನುಗಳು ಬಂದು ನಿಂತು ಬಿಟ್ಟಿ ಪ್ಯಾಕು ಹಂಚುತ್ತಿದ್ದವು. ಐಸ್‌ಕ್ರೀಮ್ ಗಾಡಿ ಬಂದ ಹಾಗೆ. 1975ರಿಂದ ಕೂಲ್ ಹೆಸರಿನಲ್ಲೇ ಜಾಝ್ ಹಬ್ಬಗಳು.

ಇಲ್ಲಿ ಒಂದು ತಮಾಷೆ ಹೇಳಲೇಬೇಕು. ರೋಡ್ ಐಲೆಂಡಿನ ನ್ಯೂಪೋರ್ಟ್ ಊರಿನಲ್ಲಿ 1954ರಲ್ಲಿ ಶುರುವಾದ ಜಾಝ್ ಹಬ್ಬ ಬಹಳ ಹೆಸರುವಾಸಿ. ಆಮೇಲೆ ಅದು ನ್ಯೂಯಾರ್ಕಿಗೆ ಬಂತು. 1980ರ ದಶಕದ ಆರಂಭದಲ್ಲಿ ಅದರ ಹೆಸರನ್ನೇ ಕೂಲ್ ಜಾಝ್ ಹಬ್ಬ ಎಂದು ಬದಲಿಸಿದರು. ಯೋಚಿಸಿ, ನ್ಯೂಪೋರ್ಟ್ ಎಂಬುದು ಎದುರಾಳಿ ಸಿಗರೇಟಿನ ಹೆಸರು ಕೂಡ. ಕೂಲ್‌ನವರು ದುಡ್ಡು ಕೊಟ್ಟು ಎದುರಾಳಿಯ ಹೆಸರನ್ನು ಹಬ್ಬದಿಂದ ಒರೆಸಿ ತಮ್ಮದನ್ನು ಬರೆದ ಹಾಗಾಯಿತು. ಆದರೂ ಕೊನೆಗೆ ಗೆದ್ದದ್ದು ನ್ಯೂಪೋರ್ಟ್. ಅದಕ್ಕೆ ಬರುತ್ತೇನೆ.

ಹೆಸರಿನ ಬಗ್ಗೆಯೂ ಒಂದು ಮಾತು. 1933ರಲ್ಲಿ ಕೂಲ್ ಎಂದರೆ ಗಂಟಲಿಗೆ ತಂಪು, ಅಷ್ಟೇ. ಆಮೇಲೆ ಜಾಝ್ ವಾದಕರ ಬಾಯಲ್ಲಿ ಆ ಪದಕ್ಕೆ ಬೇರೆ ಬೆಲೆ ಬಂತು. ಸೋಲದವನು, ಬೆವರದವನು, ಯಾರಿಗೂ ಬಗ್ಗದವನು. ನಮ್ಮ ಹುಡುಗರು "ಕೂಲ್ ಆಗಿರು ಮಗಾ" ಎನ್ನುವುದೂ ಆ ಅರ್ಥದಲ್ಲೇ. ಕಂಪನಿ ಕೈ ಹಾಕದೆಯೇ ಅದರ ಬ್ರ್ಯಾಂಡಿನ ಅರ್ಥವನ್ನು ಕಪ್ಪು ಕಲಾವಿದರು ಮೇಲಕ್ಕೆತ್ತಿ ಕೊಟ್ಟರು. ಕಂಪನಿ ಆ ಮಾತನ್ನು ಎತ್ತಿಕೊಂಡು ಅದೇ ಜನಕ್ಕೆ ವಾಪಸ್ ಮಾರಿತು. ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಸಿಟ್ಟು ಬರುವುದು ಇಲ್ಲಿ.

ಎಲ್ಲ ಸಲವೂ ನಡೆಯಲಿಲ್ಲ. 1990ರಲ್ಲಿ ರೆನಾಲ್ಡ್ಸ್ ಕಂಪನಿ ಅಪ್‌ಟೌನ್ ಎಂಬ ಹೊಸ ಮೆಂಥಾಲ್ ಸಿಗರೇಟನ್ನು ಫಿಲಡೆಲ್ಫಿಯಾದಲ್ಲಿ ಬಿಡಲು ಹೊರಟಿತು, ಕಪ್ಪು ಜನರಿಗೆಂದೇ. ಊರಿನ ಜನ ಒಟ್ಟಾಗಿ ಎದ್ದರು. ಆಗಿನ ಕೇಂದ್ರ ಆರೋಗ್ಯ ಸಚಿವ ಲೂಯಿಸ್ ಸಲಿವನ್, ಸ್ವತಃ ಕಪ್ಪು ವೈದ್ಯ, ಅದೇ ಊರಿಗೆ ಬಂದು ಬಹಿರಂಗವಾಗಿ ಬೈದರು. ಮರುದಿನವೇ ಕಂಪನಿ ಹಿಂದೆ ಸರಿಯಿತು. 2004ರಲ್ಲಿ ಕೂಲ್ ಮಿಕ್ಸ್ ಎಂದು ಹಿಪ್‌ಹಾಪ್ ಚಿತ್ರಗಳಿದ್ದ ಪ್ಯಾಕು ಬಂದಾಗ ನ್ಯೂಯಾರ್ಕ್, ಇಲಿನಾಯ್, ಮೇರಿಲ್ಯಾಂಡ್ ರಾಜ್ಯಗಳು ಹದಿಹರೆಯದವರಿಗೆ ಗಾಳ ಹಾಕುತ್ತಿದ್ದೀರಿ ಎಂದು ಕೋರ್ಟಿಗೆ ಎಳೆದವು. 14.6 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಸಿಗರೇಟು ಕಂಪನಿಗೆ ಅದು ಟೀ ಕಾಸು.

ಇಷ್ಟರ ಫಲ ಏನು? 1953ರಲ್ಲಿ ಕೂಲ್ ಒಂದಕ್ಕೆ ಇದ್ದದ್ದು ಆ 5, ಇವತ್ತು ಎಲ್ಲ ಮೆಂಥಾಲೂ ಸೇರಿ 80 ದಾಟಿದೆ. ಅಂದರೆ ಅಮೆರಿಕದಲ್ಲಿ ಸೇದುವ ಕಪ್ಪು ಜನ 100 ಇದ್ದರೆ 80ಕ್ಕೂ ಜಾಸ್ತಿ ಮಂದಿ ಸೇದುವುದು ಮೆಂಥಾಲ್. ಬಿಳಿಯರಲ್ಲಿ ಇದು ಸುಮಾರು 30. ನಾಲಿಗೆಯ ರುಚಿ ಚರ್ಮದ ಬಣ್ಣ ನೋಡಿ ಹುಟ್ಟುವುದಿಲ್ಲ.

ಕೂಲ್ ಕಂಪನಿಯ ಒಳಗೆ ಏನು ಮಾತಾಡುತ್ತಿದ್ದರು ಎಂಬುದು ನಮಗೆ ಬಹಳ ಚೆನ್ನಾಗಿ ಗೊತ್ತು. ಏಕೆಂದರೆ 1994ರಲ್ಲಿ ಸಾವಿರಾರು ಪುಟ ಕಾಗದ ಹೊರಬಿದ್ದದ್ದು ಬ್ರೌನ್ ಆ್ಯಂಡ್ ವಿಲಿಯಮ್‌ಸನ್‌ನಿಂದಲೇ. ಅದರಲ್ಲಿ 1963ರ ಒಂದು ಟಿಪ್ಪಣಿ. ಬರೆದವರು ಕಂಪನಿಯ ಮುಖ್ಯ ವಕೀಲ ಆ್ಯಡಿಸನ್ ಯೀಮನ್. ನಿಕೋಟಿನ್ ಚಟ ಹಿಡಿಸುತ್ತದೆ, ಹಾಗಾಗಿ ನಾವು ಚಟ ಹಿಡಿಸುವ ಮದ್ದನ್ನು ಮಾರುವ ವ್ಯಾಪಾರದಲ್ಲಿದ್ದೇವೆ ಎಂದು ನೇರವಾಗಿ ಬರೆದಿದ್ದಾರೆ. ಮೂವತ್ತೊಂದು ವರ್ಷದ ನಂತರ, 1994ರ ಏಪ್ರಿಲ್ 14ರಂದು, ಏಳು ಸಿಗರೇಟು ಕಂಪನಿಗಳ ಮುಖ್ಯಸ್ಥರು ಅಮೆರಿಕದ ಸಂಸತ್ತಿನ ಸಮಿತಿಯ ಎದುರು ಪ್ರಮಾಣ ಮಾಡಿ, ನಿಕೋಟಿನ್ ಚಟ ಹಿಡಿಸುವುದಿಲ್ಲ ಎಂದು ನಾನು ನಂಬಿದ್ದೇನೆ ಎಂದರು. ಆ ಏಳು ಮಂದಿಯಲ್ಲಿ ಕೂಲ್ ಮಾಡುವ ಕಂಪನಿಯವರೂ ಒಬ್ಬರು.

ಕಂಪನಿಗಳ ಕಾಗದಗಳಿಂದ ಇನ್ನೊಂದು ಸಂಗತಿಯೂ ತಿಳಿಯಿತು. ಮೆಂಥಾಲ್ ಎಷ್ಟು ಹಾಕಬೇಕು ಎಂಬುದರಲ್ಲೂ ಲೆಕ್ಕವಿತ್ತು. ಹಳೆಯ ಸೇದುಗರಿಗೆ ಖಡಕ್ಕಾಗಿ ಹೊಡೆಯುವ ತಂಪು ಬೇಕು. ಹೊಸಬರಿಗೆ ಅದು ಜಾಸ್ತಿಯಾಗುತ್ತದೆ, ಅವರಿಗೆ ಮೊದಲ ದಮ್ಮಿನ ಕೆಮ್ಮು ತಡೆಯುವಷ್ಟು ಇದ್ದರೆ ಸಾಕು. ಕೂಲ್ ಖಡಕ್ ಬ್ರ್ಯಾಂಡು. ನ್ಯೂಪೋರ್ಟ್ ಮೆತ್ತಗಿನದು. ಹುಡುಗರು ಮೆತ್ತಗಿನದರಿಂದ ಶುರು ಮಾಡಿದರು, ಅಲ್ಲೇ ಉಳಿದರು. 1990ರ ದಶಕದಲ್ಲಿ ನ್ಯೂಪೋರ್ಟ್ ಮೆಂಥಾಲ್ ಸಿಗರೇಟುಗಳಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಕೂಲ್ ಮುದುಕರ ಸಿಗರೇಟಾಯಿತು. ಹೆಸರಿಗೆ ಕೂಲ್, ಅಷ್ಟೇ.

ಕೆಮ್ಮಿನ ಬಗ್ಗೆ ಒಂದು ನಿಮಿಷ. ಮೊದಲ ಸಲ ಸೇದಿದಾಗ ಕೆಮ್ಮು ಬರುತ್ತದಲ್ಲ, ಅದು ದೇಹ ಹಾಕುವ ಬೊಬ್ಬೆ. ಬೇಡ, ಹೊರಗೆ ಹಾಕು ಎಂದು. ಮೆಂಥಾಲ್ ಆ ಬೊಬ್ಬೆಯ ಬಾಯಿಗೆ ಕೈ ಇಡುತ್ತದೆ. ಒಂದು ಮೆಂಥಾಲ್ ಸಿಗರೇಟಿನ ಹೊಗೆ ಬೇರೆ ಸಿಗರೇಟಿಗಿಂತ ಹೆಚ್ಚು ವಿಷವೇನಲ್ಲ. ಕಡಿಮೆಯೂ ಅಲ್ಲ. ಶುರು ಮಾಡುವುದು ಸುಲಭ, ಬಿಡುವುದು ಕಷ್ಟ, ತೊಂದರೆ ಇರುವುದು ಅಲ್ಲಿ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಸಲಹೆ ಕೊಡುವ ವಿಜ್ಞಾನಿಗಳ ಸಮಿತಿ, ಇದನ್ನು ಮಾರುಕಟ್ಟೆಯಿಂದ ತೆಗೆದರೆ ಜನರ ಆರೋಗ್ಯಕ್ಕೆ ಒಳ್ಳೆಯದು ಎಂದು 2011ರಲ್ಲೇ ಹೇಳಿತು.

ತೆಗೆದರೇ? 2009ರ ಕಾನೂನು ಸ್ಟ್ರಾಬೆರಿ, ದ್ರಾಕ್ಷಿ, ಲವಂಗ, ಎಲ್ಲ ಘಮದ ಸಿಗರೇಟನ್ನೂ ನಿಷೇಧಿಸಿತು. ಮೆಂಥಾಲ್ ಒಂದನ್ನು ಬಿಟ್ಟು. ಲವಂಗದ ಸಿಗರೇಟು ಮಾಡುವ ಇಂಡೋನೇಷ್ಯಾ, ನಮ್ಮ ಲವಂಗ ಏನು ಪಾಪ ಮಾಡಿತು, ನಿಮ್ಮ ಮೆಂಥಾಲ್ ಏನು ಪುಣ್ಯ ಮಾಡಿತು ಎಂದು ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2012ರಲ್ಲಿ ಗೆದ್ದೂ ಬಿಟ್ಟಿತು. ಮೆಂಥಾಲ್ ನಿಷೇಧದ ಕರಡು ನಿಯಮ 2022ರಲ್ಲಿ ಬಂತು, ಮುಂದಕ್ಕೆ ಹೋಯಿತು, ಮತ್ತೆ ಹೋಯಿತು. 2025ರ ಜನವರಿಯಲ್ಲಿ ವಾಪಸ್ ಪಡೆದರು. ಕಪ್ಪು ಸಮುದಾಯದಲ್ಲೂ ಒಂದೇ ಮಾತಿರಲಿಲ್ಲ. ಎನ್‌ಎಎಸಿಪಿಯಂಥ ಹಳೆಯ ಸಂಘಟನೆ ನಿಷೇಧ ಬೇಕು ಎಂದಿತು. ಪಾದ್ರಿ ಅಲ್ ಶಾರ್ಪ್‌ಟನ್ ಮೊದಲಾದವರು, ನಮ್ಮ ಹುಡುಗರನ್ನು ಬೀದಿಯಲ್ಲಿ ನಿಲ್ಲಿಸಿ ಹುಡುಕಲು ಪೊಲೀಸರಿಗೆ ಇನ್ನೊಂದು ನೆಪ ಸಿಗುತ್ತದೆ ಎಂದರು. ಎರಡರಲ್ಲೂ ಹುರುಳಿದೆ. ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್ ರಾಜ್ಯಗಳು ತಾವೇ ನಿಷೇಧಿಸಿಕೊಂಡವು. ಕೆನಡಾ 2017ರಲ್ಲಿ, ಯುರೋಪಿಯನ್ ಒಕ್ಕೂಟ 2020ರ ಮೇ 20ರಿಂದ ನಿಲ್ಲಿಸಿದವು.

ನಮ್ಮ ದೇಶದಲ್ಲಿ ಇ-ಸಿಗರೇಟಿಗೆ 2019ರಲ್ಲಿ ನಿಷೇಧ ಬಂತು, ಮಿಂಟ್ ಸಿಗರೇಟಿಗಿಲ್ಲ. ಈಗ ಫಿಲ್ಟರಿನೊಳಗೆ ಒಂದು ಪುಟ್ಟ ಗುಳಿಗೆ ಇರುತ್ತದೆ. ಎರಡು ಬೆರಳಿನಿಂದ ಒತ್ತಿದರೆ ಟಕ್ ಎಂದು ಒಡೆದು ತಂಪು ಬಿಡುತ್ತದೆ. ಕಾಲೇಜಿನ ಪಕ್ಕದ ಅಂಗಡಿಯಲ್ಲಿ ಆ ಟಕ್ ಸದ್ದನ್ನು ನಾನು ದಿನಾ ಕೇಳುತ್ತೇನೆ. ಇನ್ನೊಂದು ನಂಟು ಇದಕ್ಕಿಂತ ದೊಡ್ಡದು. ಎರಡನೇ ಮಹಾಯುದ್ಧಕ್ಕೆ ಮೊದಲು ಜಗತ್ತಿನ ಮೆಂಥಾಲ್ ಬಹುಪಾಲು ಜಪಾನಿನಿಂದ ಬರುತ್ತಿತ್ತು. ಯುದ್ಧದಲ್ಲಿ ಅದು ನಿಂತಾಗ ಬ್ರೆಜಿಲ್, ಆಮೇಲೆ ಚೀನಾ. ಈಗ ಗಿಡದಿಂದ ತೆಗೆಯುವ ಮೆಂಥಾಲಿನಲ್ಲಿ ನಾವೇ ಮುಂದು. ಉತ್ತರ ಪ್ರದೇಶದ ಬಾರಾಬಂಕಿ, ಸಂಭಲ್, ರಾಂಪುರದ ಹೊಲಗಳಲ್ಲಿ ರೈತರು ಬೇಸಿಗೆಯಲ್ಲಿ ಮೆಂಥಾ ಕೊಯ್ದು, ಹೊಲದ ಬದಿಯಲ್ಲೇ ಹಂಡೆ ಇಟ್ಟು ಆವಿ ಹಿಡಿದು ಎಣ್ಣೆ ಇಳಿಸುತ್ತಾರೆ. ಆ ಎಣ್ಣೆಯನ್ನು ತಣ್ಣಗೆ ಮಾಡಿದರೆ ನಿಮ್ಮ ಕೈಯಲ್ಲಿರುವ ಈ ಹರಳು. ಅದು ಮುಲಾಮಿಗೂ ಹೋಗುತ್ತದೆ, ಟೂತ್‌ಪೇಸ್ಟಿಗೂ, ಪಾನ್ ಮಸಾಲೆಗೂ, ಸಿಗರೇಟಿಗೂ.

ಕೂಲ್ ಏನಾಯಿತು? 2004ರಲ್ಲಿ ಅದರ ಕಂಪನಿ ರೆನಾಲ್ಡ್ಸ್ ಜೊತೆ ಸೇರಿಹೋಯಿತು. 2015ರಲ್ಲಿ ರೆನಾಲ್ಡ್ಸ್ 2,700 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಲೊರಿಲಾರ್ಡನ್ನು ಕೊಂಡಿತು, ನ್ಯೂಪೋರ್ಟ್‌ಗಾಗಿ. ಎಲ್ಲ ಮೆಂಥಾಲೂ ಒಬ್ಬನ ಕೈಗೆ ಹೋಗಬಾರದು ಎಂಬ ಕಾರಣಕ್ಕೆ ಏನನ್ನಾದರೂ ಬಿಡಬೇಕಿತ್ತು. ತಮ್ಮದೇ ಮನೆಯಲ್ಲಿ ಹುಟ್ಟಿದ ಸೇಲಂ ಜೊತೆಗೆ ಕೂಲ್ ಅನ್ನೂ ಬ್ರಿಟನ್ನಿನ ಇಂಪೀರಿಯಲ್ ಕಂಪನಿಗೆ ಮಾರಿಬಿಟ್ಟರು. ಮನೆ ಖಾಲಿ ಮಾಡುವಾಗ ಹಳೆಯ ಮಂಚ ಕೊಟ್ಟು ಹೋದ ಹಾಗೆ.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಚೀಟಿ ಬಂದಿದೆ: "ಹಾಗಾದರೆ ಅಮೃತಾಂಜನ ಹಚ್ಚೋದೂ ತಪ್ಪಾ?" ಖಂಡಿತ ಇಲ್ಲ. ತಲೆನೋವಿಗೆ ಹಣೆಗೆ ಹಚ್ಚಿ, ಹಾಯಾಗಿ ಮಲಗಿ. ಅಲ್ಲೂ ಹಣೆ ನಿಜವಾಗಿ ತಣ್ಣಗಾಗುವುದಿಲ್ಲ, ಆದರೆ ಆ ತಂಪಿನ ಹಿಂದೆ ಬಚ್ಚಿಟ್ಟುಕೊಂಡು ಬೇರೇನೂ ಒಳಗೆ ಹೋಗುತ್ತಿಲ್ಲ. ಸೀಸೆ ವಾಪಸ್ ಬಂತಾ? ಮುಚ್ಚಳ ಬಿಗಿಯಾಗಿ ಹಾಕಿ ಕೊಡಿ. ಇಲ್ಲದಿದ್ದರೆ ನನ್ನ ಬ್ಯಾಗಿನಲ್ಲಿರುವ ಮಧ್ಯಾಹ್ನದ ಬುತ್ತಿ ಪೂರ್ತಿ ಮಿಂಟ್ ಆಗಿಬಿಡುತ್ತದೆ.